ವೈಟ್ ಸೇಜ್ ಗಿಡವನ್ನು ನೆಡಬಹುದೇ, ಸುಡಬಹುದೇ, ಕಷಾಯ ಮಾಡಬಹುದೇ?

ಪ್ರಶ್ನೆ: ನಾವು ಮೈಸೂರಿನವರು, ಕೆಲವು ವರ್ಷಗಳಿಂದ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಬಳಿ ನೆಲೆಸಿದ್ದೇವೆ. ಹೊಸ ಮನೆಯ ಗೃಹಪ್ರವೇಶಕ್ಕೆ ಪಕ್ಕದ ಮನೆಯವರು ದಾರ ಸುತ್ತಿದ ಬೂದುಬಿಳಿ ಎಲೆಗಳ ಒಂದು ಕಟ್ಟನ್ನು ಉಡುಗೊರೆಯಾಗಿ ಕೊಟ್ಟರು. ಇದು ವೈಟ್ ಸೇಜ್, ಹೊತ್ತಿಸಿ ಮನೆಯೆಲ್ಲ ಹೊಗೆಯಾಡಿಸಿದರೆ ಕೆಟ್ಟದ್ದೆಲ್ಲ ಹೋಗುತ್ತದೆ, ಗಾಳಿಯಲ್ಲಿರುವ ಬ್ಯಾಕ್ಟೀರಿಯಾಗಳಲ್ಲಿ ಶೇ. 94ರಷ್ಟು ಸಾಯುತ್ತವೆಂದು ಸಂಶೋಧನೆಯೇ ಹೇಳಿದೆ ಎಂದರು. ನಮ್ಮ ಸಾಂಬ್ರಾಣಿ ಧೂಪದಂತೆಯೇ ಎಂದುಕೊಂಡು ಹಾಕಿದೆವು. ಆಮೇಲೆ ಕಚೇರಿಯ ಸಹೋದ್ಯೋಗಿಯೊಬ್ಬರು ಇದು ಇಲ್ಲಿನ ಮೂಲನಿವಾಸಿಗಳ ಪವಿತ್ರ ಗಿಡ, ಹೊರಗಿನವರು ಹಾಗೆಲ್ಲ ಸುಡಬಾರದು ಎಂದಾಗ ಮುಜುಗರವಾಯಿತು. ಕೊಂಡು ಸುಡುವ ಬದಲು ಬೆಳೆಸೋಣವೆಂದು ಎರಡು ಸಸಿ ತಂದು ಹಿತ್ತಲಲ್ಲಿ ತುಳಸಿಯ ಪಕ್ಕದಲ್ಲೇ ನೆಟ್ಟೆ. ದಿನವೂ ತಪ್ಪದೆ ನೀರು ಹಾಕಿದರೂ ಆಗಸ್ಟಿನಲ್ಲಿ ಎರಡೂ ಬಾಡಿ ಸತ್ತವು. ಈಗ ಊರಿನಿಂದ ಬಂದಿರುವ ಅತ್ತೆಯವರು ಎಲೆಯನ್ನು ಮೂಸಿ ನೋಡಿ, ಇದು ತುಳಸಿಯ ಜಾತಿಯದೇ ಇರಬೇಕು, ಕೆಮ್ಮಿಗೆ ಕಷಾಯ ಮಾಡಬಹುದೇ ಎಂದು ಕೇಳುತ್ತಿದ್ದಾರೆ. ಅವರಿಗೆ ದಮ್ಮಿನ ತೊಂದರೆಯಿದೆ. ಹೋಗುವಾಗ ಮೈಸೂರಿಗೆ ಬೀಜ ಒಯ್ಯುವ ಆಸೆಯೂ ಅವರಿಗಿದೆ. ಈ ಗಿಡದೊಂದಿಗೆ ನಾವು ಹೇಗೆ ನಡೆದುಕೊಳ್ಳಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಹೆಣೆದುಕೊಂಡಿವೆ. ತಿಳಿಯದೆ ಯಾರದೋ ಪವಿತ್ರ ವಸ್ತುವಿಗೆ ಅಪಚಾರ ಮಾಡಿದೆವೇ ಎಂಬುದು ಒಂದು; ಇಷ್ಟು ಮುತುವರ್ಜಿಯಿಂದ ನೋಡಿಕೊಂಡರೂ ಗಿಡ ಏಕೆ ಸತ್ತಿತು ಎಂಬುದು ಇನ್ನೊಂದು. ದಕ್ಷಿಣ ಕ್ಯಾಲಿಫೋರ್ನಿಯಾದ ಸ್ಥಳೀಯ ಸಸ್ಯಗಳನ್ನು ಬೆಳೆಸುವ ಕೆಲಸದಲ್ಲಿರುವ ನನ್ನ ಬಳಿಗೆ ಈ ಎರಡು ಪ್ರಶ್ನೆಗಳು ಬೇರೆ ಬೇರೆಯವರಿಂದ ಬರುವುದೇ ಹೆಚ್ಚು. ನೀವು ಎರಡನ್ನೂ ಒಟ್ಟಿಗೆ ಕೇಳಿದ್ದೀರಿ, ಮತ್ತು ಎರಡರ ಮೂಲವೂ ಒಂದೇ ಎಂಬುದು ನನ್ನ ಅಭಿಪ್ರಾಯ: ಈ ಗಿಡವನ್ನು ನಮಗೆ ಮೊದಲೇ ಪರಿಚಯವಿರುವ ಇನ್ನೊಂದರ ಜಾಗದಲ್ಲಿ ಕೂರಿಸಿಬಿಡುತ್ತೇವೆ. ಕುಂಡದಲ್ಲಿ ಅದನ್ನು ತುಳಸಿಯೆಂದೂ, ಕೆಂಡದ ಮೇಲೆ ಅದನ್ನು ಸಾಂಬ್ರಾಣಿಯೆಂದೂ ಭಾವಿಸುತ್ತೇವೆ.

ನಿಮ್ಮ ಅತ್ತೆಯವರ ಊಹೆಯಲ್ಲಿ ಅರ್ಧ ಸತ್ಯವಿದೆ. ಸಸ್ಯಶಾಸ್ತ್ರದಲ್ಲಿ ಸಾಲ್ವಿಯಾ ಏಪಿಯಾನಾ ಎನಿಸಿಕೊಳ್ಳುವ ವೈಟ್ ಸೇಜ್, ತುಳಸಿ, ಪುದೀನ, ದೊಡ್ಡಪತ್ರೆಗಳೆಲ್ಲ ಸೇರಿದ ಲ್ಯಾಮಿಯೇಸೀ ಕುಟುಂಬಕ್ಕೇ ಸೇರಿದೆ. ಚೌಕಾಕಾರದ ಎಳೆಯ ಕಾಂಡ, ಎದುರುಬದುರಾಗಿ ಹುಟ್ಟುವ ಎಲೆಜೋಡಿ, ಎರಡು ತುಟಿಗಳ ಹೂವು, ಎಲೆಯನ್ನು ಉಜ್ಜಿದರೆ ಕೈಗೆ ಹತ್ತುವ ಗಂಧದೆಣ್ಣೆ, ಇವೆಲ್ಲ ಆ ಕುಟುಂಬದ ಗುರುತುಗಳು. ಅದರ ಬೀಜವನ್ನು ನೀರಿನಲ್ಲಿ ನೆನೆಸಿದರೆ ಕಾಮಕಸ್ತೂರಿ ಬೀಜದಂತೆಯೇ ಸುತ್ತಲೂ ಲೋಳೆ ಕಟ್ಟಿಕೊಳ್ಳುತ್ತದೆ. ಆದರೆ ನೆಂಟಸ್ತನ ಅಲ್ಲಿಗೆ ನಿಲ್ಲುತ್ತದೆ. ತುಳಸಿ ಮಳೆಗಾಲದಲ್ಲಿ ಬೆಳೆಯುವ ಗಿಡ. ವೈಟ್ ಸೇಜ್ ಕ್ಯಾಲಿಫೋರ್ನಿಯಾದ ಸ್ಯಾಂಟಾ ಬಾರ್ಬರಾ ಸೀಮೆಯಿಂದ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದ ವಾಯವ್ಯ ಭಾಗದವರೆಗಿನ ಕಿರಿದಾದ ಪಟ್ಟಿಯಲ್ಲಿ, ಕರಾವಳಿಯ ಕುರುಚಲು ಗುಡ್ಡಗಳಲ್ಲಿ ಮತ್ತು ಮರುಭೂಮಿಯ ಅಂಚಿನವರೆಗಿನ ಒಣ ಇಳಿಜಾರುಗಳಲ್ಲಿ ಮಾತ್ರ ತಾನಾಗಿ ಬೆಳೆಯುತ್ತದೆ. ಜಗತ್ತಿನ ಬೇರೆಲ್ಲಿಯೂ ಅದು ಕಾಡುಗಿಡವಲ್ಲ.

ಮೊದಲು ಹೊಗೆ ಮತ್ತು ಆ ಶೇ. 94ರ ಮಾತಿಗೆ ಬರುತ್ತೇನೆ. ಈ ಅಂಕಿ ನಿಜವಾದ ಒಂದು ಸಂಶೋಧನೆಯಿಂದಲೇ ಬಂದಿದೆ. ಆದರೆ ಆ ಸಂಶೋಧನೆಗೂ ವೈಟ್ ಸೇಜ್‌ಗೂ ಯಾವ ಸಂಬಂಧವೂ ಇಲ್ಲ. ಅದು ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನಡೆಸಿ 2007ರಲ್ಲಿ ಪ್ರಕಟಿಸಿದ ಪ್ರಯೋಗ. ಅವರು ಉರಿಸಿದ್ದು ಕಟ್ಟಿಗೆ ಮತ್ತು ಹಲವು ಗಿಡಮೂಲಿಕೆಗಳ ಮಿಶ್ರಣವಾದ ನಮ್ಮ ಹವನ ಸಾಮಗ್ರಿಯನ್ನು. ಮುಚ್ಚಿದ ಕೋಣೆಯಲ್ಲಿ ಒಂದು ಗಂಟೆ ಹೊಗೆ ಹಾಕಿದ ಮೇಲೆ ಗಾಳಿಯಲ್ಲಿನ ಬ್ಯಾಕ್ಟೀರಿಯಾಗಳ ಎಣಿಕೆ ಅಷ್ಟು ಇಳಿದಿತ್ತು. ಲಖನೌದ ಹೋಮದ ಹೊಗೆ ಸಾಗರ ದಾಟಿ ಸೇಜ್ ಕಟ್ಟಿನ ಜಾಹೀರಾತಾಗಿ, ಮತ್ತೆ ಮೈಸೂರಿನ ಕುಟುಂಬವೊಂದರ ಗೃಹಪ್ರವೇಶಕ್ಕೇ ಬಂದು ಮುಟ್ಟಿದ್ದನ್ನು ಓದಿ ನನಗೆ ನಗು ತಡೆಯಲಾಗಲಿಲ್ಲ. ವೈಟ್ ಸೇಜ್‌ನ ಎಲೆಯ ಎಣ್ಣೆಯಲ್ಲಿ ನೀಲಗಿರಿ ಎಣ್ಣೆಯಲ್ಲಿರುವ ಸಿನಿಯೋಲ್ ಎಂಬ ರಾಸಾಯನಿಕವೇ ಪ್ರಧಾನವಾಗಿದೆ, ಜೊತೆಗೆ ಕರ್ಪೂರದ ಅಂಶವೂ ಇದೆ. ಪ್ರಯೋಗಾಲಯದ ತಟ್ಟೆಯಲ್ಲಿ ಇಂಥ ಎಣ್ಣೆಗಳು ಕೆಲವು ಸೂಕ್ಷ್ಮಾಣುಗಳನ್ನು ತಡೆಯುವುದು ನಿಜ. ಆದರೆ ತಟ್ಟೆಯಲ್ಲಿನ ಎಣ್ಣೆಗೂ ಕೋಣೆಯಲ್ಲಿನ ಹೊಗೆಗೂ ವ್ಯತ್ಯಾಸವಿದೆ. ಎಲೆ ಉರಿದಾಗ ಎಣ್ಣೆಯ ಬಹುಪಾಲು ಸುಟ್ಟುಹೋಗಿ, ಶ್ವಾಸಕೋಶದ ಆಳಕ್ಕಿಳಿಯುವಷ್ಟು ಸಣ್ಣ ಮಸಿಯ ಕಣಗಳು ಹೊರಬರುತ್ತವೆ. ಈ ವಿಷಯದಲ್ಲಿ ಸೇಜ್, ಊದುಬತ್ತಿ, ಸಾಂಬ್ರಾಣಿಗಳ ನಡುವೆ ಮೇಲುಕೀಳಿಲ್ಲ. ದಮ್ಮಿರುವ ಹಿರಿಯರು ಮನೆಯಲ್ಲಿರುವಾಗ ಮುಚ್ಚಿದ ಕೋಣೆಯಲ್ಲಿ ಯಾವ ಹೊಗೆಯನ್ನೂ ಹಾಕಬೇಡಿ. ಗಾಳಿ ಶುದ್ಧವಾಗಬೇಕೆಂದರೆ ಕಿಟಕಿ ತೆರೆಯುವುದೇ ಲೇಸು.

ಕಷಾಯದ ವಿಷಯವನ್ನು ಬೇಗ ಮುಗಿಸುತ್ತೇನೆ: ಬೇಡ. ಮೂಲನಿವಾಸಿ ಸಮುದಾಯಗಳು ನೆಗಡಿಗೆ ಈ ಎಲೆಯನ್ನು ಬಳಸಿದ್ದುಂಟು. ಆದರೆ ಅದು ಪ್ರಮಾಣ, ಕಾಲ, ರೋಗಿಯ ಸ್ಥಿತಿಗಳನ್ನು ಬಲ್ಲವರ ಕೈಯಲ್ಲಿ ನಡೆದುಬಂದ ಪದ್ಧತಿ. ಗಂಧ ಹೋಲುತ್ತದೆ ಎಂಬ ಒಂದೇ ಕಾರಣಕ್ಕೆ ತುಳಸಿಯ ಅಳತೆಯಲ್ಲಿ ಈ ಎಲೆಯನ್ನು ಕುದಿಸುವುದು ಸರಿಯಲ್ಲ, ಅದರಲ್ಲೂ ದಮ್ಮಿಗೆ ಔಷಧ ತೆಗೆದುಕೊಳ್ಳುತ್ತಿರುವವರಿಗೆ, ಗರ್ಭಿಣಿ ಮತ್ತು ಬಾಣಂತಿಯರಿಗೆ ಅದು ಖಂಡಿತ ಬೇಡ. ನಿಮ್ಮ ಹಿತ್ತಲಲ್ಲಿ ತುಳಸಿಯೇ ಇರುವಾಗ ಅತ್ತೆಯವರಿಗೆ ಪರಿಚಯವಿಲ್ಲದ ಎಲೆಯ ಹಂಗು ಏಕೆ ಬೇಕು?

ಇನ್ನು ನಿಮ್ಮ ಸಹೋದ್ಯೋಗಿ ಎತ್ತಿದ ಮಾತು. ನೀವಿರುವ ಸ್ಯಾನ್ ಡಿಯಾಗೋ ಸೀಮೆ ಕುಮಿಯಾಯ್ ಜನರ ನೆಲ. ಅದರ ಉತ್ತರಕ್ಕೆ ಲುಯ್ಸೆನ್ಯೊ, ಒಳನಾಡಿಗೆ ಕವೀಯ, ಲಾಸ್ ಏಂಜಲೀಸ್ ಕಡೆಗೆ ಟೋಂಗ್ವಾ, ಅದಕ್ಕೂ ಆಚೆ ಚೂಮಾಷ್ ಜನರಿದ್ದಾರೆ. ಇದ್ದರು ಎನ್ನದೆ ಇದ್ದಾರೆ ಎಂದು ಬೇಕೆಂದೇ ಬರೆಯುತ್ತಿದ್ದೇನೆ. ವಸ್ತುಸಂಗ್ರಹಾಲಯದ ಚೀಟಿಗಳನ್ನು ಓದಿ ಬೆಳೆದ ನಮ್ಮಲ್ಲಿ ಅನೇಕರು ಈ ಜನ ಗತಿಸಿಹೋದವರೆಂದು ಭಾವಿಸುತ್ತಾರೆ. ಇವರೆಲ್ಲರ ಬದುಕಿನಲ್ಲಿ ವೈಟ್ ಸೇಜ್ ಹೊಗೆಗಿಂತ ಬಹಳ ದೊಡ್ಡ ಜಾಗವನ್ನು ಪಡೆದಿತ್ತು. ಬೀಜವನ್ನು ಕೊಡವಿ ಕೂಡಿಸಿ, ಹುರಿದು, ಇತರ ಕಾಳುಗಳ ಜೊತೆ ಬೀಸಿ ಹಿಟ್ಟು ಮಾಡಿ ತಿನ್ನುತ್ತಿದ್ದರು. ಎಳೆಯ ಕಾಂಡದ ಸಿಪ್ಪೆ ಸುಲಿದು ಹಸಿಯಾಗಿಯೇ ತಿನ್ನುತ್ತಿದ್ದರು. ಕಣ್ಣಿಗೆ ಕಸ ಬಿದ್ದರೆ ರೆಪ್ಪೆಯ ಒಳಗೆ ಒಂದು ಬೀಜವನ್ನಿಟ್ಟು, ಅದರ ಲೋಳೆಗೆ ಕಸ ಅಂಟಿ ಹೊರಬರುವಂತೆ ಮಾಡುತ್ತಿದ್ದರು. ಬೇಟೆಗೆ ಹೊರಡುವವರು ಮೈವಾಸನೆ ಪ್ರಾಣಿಗಳಿಗೆ ಸಿಗದಿರಲೆಂದು ಎಲೆಯನ್ನು ಮೈಗೆ ಉಜ್ಜಿಕೊಳ್ಳುತ್ತಿದ್ದರು. ಮೈ ಬೆವರಿಸಿ ಶುದ್ಧಿ ಮಾಡಿಕೊಳ್ಳುವ ಬೆವರುಮನೆಗಳಲ್ಲಿ, ನೋವಿನ ಮತ್ತು ಪ್ರಾರ್ಥನೆಯ ಸಂದರ್ಭಗಳಲ್ಲಿ ಎಲೆಯ ಬಳಕೆಯಿತ್ತು, ಇಂದಿಗೂ ಇದೆ. ಆದರೆ ಅಂಗಡಿಯಲ್ಲಿ ಕಾಣುವ ದಪ್ಪ ಕಟ್ಟು, ಅದನ್ನು ಮೂಲೆಮೂಲೆಗೂ ಆಡಿಸುವ ರೀತಿ, ಕೆಟ್ಟ ಶಕ್ತಿ ಓಡಿಸುವ ಮಂತ್ರದಂಥ ಮಾತು, ಇವೆಲ್ಲ ಹೆಚ್ಚಾಗಿ ಇತ್ತೀಚಿನ ವ್ಯಾಪಾರದ ಸೃಷ್ಟಿ. ಹತ್ತಾರು ಬೇರೆ ಬೇರೆ ಸಮುದಾಯಗಳ ಆಚರಣೆಗಳನ್ನು ಕಲಸಿ ಒಂದೇ ದಾರದಲ್ಲಿ ಕಟ್ಟಿ ಮಾರಲಾಗುತ್ತಿದೆ.

ಸಂಕಟ ಏಕೆ ಇಷ್ಟು ಆಳವಾಗಿದೆ ಎಂಬುದಕ್ಕೆ ಚರಿತ್ರೆಯನ್ನು ಸ್ವಲ್ಪ ನೋಡಬೇಕು. 1769ರಲ್ಲಿ ಸ್ಪೇನಿನವರು ಸ್ಯಾನ್ ಡಿಯಾಗೋದಲ್ಲಿ ಮೊದಲ ಮಿಷನ್ (ಕ್ರೈಸ್ತ ಧರ್ಮಪ್ರಚಾರ ಕೇಂದ್ರ) ಸ್ಥಾಪಿಸಿದಂದಿನಿಂದ ಇಲ್ಲಿನ ಜನರ ಆಚರಣೆಗಳ ಮೇಲೆ ಒತ್ತಡ ಶುರುವಾಯಿತು. ಅಮೆರಿಕದ ಸರ್ಕಾರ 1883ರಲ್ಲಿ ಮೂಲನಿವಾಸಿಗಳ ನೃತ್ಯ, ವೈದ್ಯ ಮತ್ತು ಧಾರ್ಮಿಕ ವಿಧಿಗಳನ್ನು ಅಪರಾಧವೆಂದು ಎಣಿಸುವ ನಿಯಮಗಳನ್ನೇ ತಂದಿತು. ಅವರ ಧಾರ್ಮಿಕ ಸ್ವಾತಂತ್ರ್ಯವನ್ನು ರಕ್ಷಿಸುವುದು ದೇಶದ ನೀತಿ ಎಂದು ಕಾಯ್ದೆ ಘೋಷಿಸಿದ್ದು 1978ರಲ್ಲಿ. ಅಂದರೆ ಅಜ್ಜಿ ಗುಟ್ಟಾಗಿ ಮಾಡಬೇಕಾಗಿದ್ದ ಪ್ರಾರ್ಥನೆಯ ಎಲೆಯನ್ನು ಮೊಮ್ಮಗಳು ಇಂದು ಅಲಂಕಾರದ ಅಂಗಡಿಯಲ್ಲಿ ಬೆಲೆಚೀಟಿಯ ಸಮೇತ ನೋಡುತ್ತಾಳೆ. ಇದು ಮರ್ಯಾದೆಯ ಪ್ರಶ್ನೆ. ಗಿಡದ ಉಳಿವಿನ ಪ್ರಶ್ನೆಯೂ ಇದರೊಂದಿಗೆ ಸೇರಿಕೊಂಡಿದೆ. ಕಟ್ಟುಗಳಿಗಾಗಿ ಬಳಸುವ ಎಲೆಯಲ್ಲಿ ಹೆಚ್ಚಿನದು ತೋಟದ್ದಲ್ಲ, ಗುಡ್ಡಗಳಿಂದ ಕಿತ್ತದ್ದು. ಸ್ಯಾನ್ ಬರ್ನಾರ್ಡಿನೋ ಸೀಮೆಯ ನಾರ್ತ್ ಎಟಿವಾಂಡಾ ರಕ್ಷಿತ ಪ್ರದೇಶ ಇಂಥ ಕಳ್ಳತನಕ್ಕೆ ಕುಖ್ಯಾತವಾಗಿದೆ. 2018ರಲ್ಲಿ ಅಲ್ಲಿ ಸುಮಾರು 400 ಪೌಂಡ್, ಅಂದರೆ ಹೆಚ್ಚುಕಡಿಮೆ 180 ಕಿಲೋ ಎಲೆಯೊಂದಿಗೆ ನಾಲ್ವರು ಸಿಕ್ಕಿಬಿದ್ದಿದ್ದರು. ಭೂಮಾಲೀಕರ ಲಿಖಿತ ಅನುಮತಿಯಿಲ್ಲದೆ ಇನ್ನೊಬ್ಬರ ನೆಲದಿಂದ ಗಿಡ ಕೀಳುವುದು ಕ್ಯಾಲಿಫೋರ್ನಿಯಾದ ದಂಡಸಂಹಿತೆಯ 384ಎ ವಿಧಿಯಂತೆ ಅಪರಾಧ. ಶ್ರೀಗಂಧದ ಕಳ್ಳಸಾಗಣೆಯನ್ನು ಕಂಡಿರುವ ನಾಡಿನವರಿಗೆ ಇದರ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ: ಕೂಲಿಯವನು ಸಿಕ್ಕಿಬೀಳುತ್ತಾನೆ, ಕೊಳ್ಳುವವನು ಕಾಣಿಸುವುದೇ ಇಲ್ಲ.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಸರಿಪಡಿಸಬೇಕು. ವೈಟ್ ಸೇಜ್ ಅಳಿವಿನಂಚಿನಲ್ಲಿರುವ ಪ್ರಭೇದವೆಂದು ಕಾನೂನಿನ ಪಟ್ಟಿಯಲ್ಲಿದೆ ಎಂದು ಹಲವರು ಹೇಳುತ್ತಾರೆ, ಹಾಗಿಲ್ಲ. ಆದ್ದರಿಂದ ಚಿಂತೆಯಿಲ್ಲ ಎಂದು ವ್ಯಾಪಾರಿಗಳು ಹೇಳುತ್ತಾರೆ, ಅದೂ ಸರಿಯಲ್ಲ. ಅದು ಬೆಳೆಯುವ ಕರಾವಳಿಯ ಕುರುಚಲು ಕಾಡಿನ ಬಹುಭಾಗ ಬಡಾವಣೆ ಮತ್ತು ಹೆದ್ದಾರಿಗಳಿಗೆ ಹೋಗಿಬಿಟ್ಟಿದೆ. ಉಳಿದ ತುಂಡುಗಳಲ್ಲಿ ಪದೇ ಪದೇ ಬೀಳುವ ಬೆಂಕಿಯ ನಂತರ ಹೊರಗಿನಿಂದ ಬಂದ ಹುಲ್ಲು ಮತ್ತು ಕಾಡುಸಾಸಿವೆ ಜಾಗ ಹಿಡಿಯುತ್ತವೆ. ಅಂಥ ಕಡೆ ಬಲಿತ ಗಿಡವನ್ನು ಬುಡದವರೆಗೆ ಸವರಿದರೆ ಮುದಿ ಕಾಂಡದಿಂದ ಚಿಗುರು ಸುಲಭವಾಗಿ ಒಡೆಯುವುದಿಲ್ಲ, ಆ ವರ್ಷದ ಬೀಜವೂ ನೆಲಕ್ಕೆ ಬೀಳುವುದಿಲ್ಲ.

ಹಾಗಾದರೆ ನೀವು ಮಾಡಿದ್ದು ಅಪರಾಧವೇ? ನೆರೆಯವರು ಪ್ರೀತಿಯಿಂದ ಕೊಟ್ಟದ್ದನ್ನು ತಿಳಿಯದೆ ಬಳಸಿದಿರಿ. ಅದಕ್ಕಾಗಿ ಕೊರಗುವ ಅಗತ್ಯವನ್ನು ನಾನು ಕಾಣೆ. ಮುಂದೇನು ಎಂಬುದಷ್ಟೇ ಪ್ರಶ್ನೆ. ಮೂಲನಿವಾಸಿಗಳೆಲ್ಲರ ಅಭಿಪ್ರಾಯ ಒಂದೇ ಅಲ್ಲ. ಇದನ್ನು ಮಾರಲೇಬಾರದು, ಕೈಯಿಂದ ಕೈಗೆ ಕೊಡಬೇಕಾದದ್ದು ಎನ್ನುವವರಿದ್ದಾರೆ; ಹೊರಗಿನವರು ಸುಡುವುದೇ ಬೇಡ ಎನ್ನುವವರಿದ್ದಾರೆ; ಗೌರವದಿಂದ ನಡೆದುಕೊಂಡರೆ ಅಡ್ಡಿಯಿಲ್ಲ ಎನ್ನುವವರೂ ಇದ್ದಾರೆ. ಈ ಭಿನ್ನತೆಯ ನಡುವೆಯೂ ಅವರಲ್ಲಿ ಬಹಳ ಮಂದಿ, ಅವರೊಂದಿಗೆ ಕೆಲಸ ಮಾಡುವ ಕ್ಯಾಲಿಫೋರ್ನಿಯಾ ನೇಟಿವ್ ಪ್ಲಾಂಟ್ ಸೊಸೈಟಿಯಂಥ ಸಂಸ್ಥೆ ಕೂಡ, ಕೇಳುವ ಮಾತು ಒಂದು: ಕಟ್ಟುಗಳನ್ನು ಕೊಳ್ಳಬೇಡಿ, ಬೇಕಿದ್ದರೆ ಗಿಡ ಬೆಳೆಸಿ. ಕಟ್ಟಿನ ಮೇಲೆ ‘ಸುಸ್ಥಿರ ಸಂಗ್ರಹ’ ಎಂದು ಅಚ್ಚಾಗಿದ್ದರೆ ಅದನ್ನು ಮಾರುವವರ ಮಾತೆಂದು ತಿಳಿಯಿರಿ, ಪ್ರಮಾಣಪತ್ರವೆಂದಲ್ಲ. ಉಳಿದಿರುವ ಕಟ್ಟನ್ನು ಕಸದ ಡಬ್ಬಿಗೆ ಎಸೆಯಬೇಡಿ. ಬಟ್ಟೆಯ ಕಪಾಟಿನಲ್ಲಿ ಇಡಬಹುದು, ಅಥವಾ ದಾರ ಬಿಚ್ಚಿ ಎಲೆಯನ್ನು ಹಿತ್ತಲ ಮಣ್ಣಿಗೇ ಸೇರಿಸಬಹುದು. ಮನೆಗೆ ಧೂಪ ಹಾಕುವ ಸಂಪ್ರದಾಯ ನಿಮಗೆ ಹೇಗೂ ಇದೆ; ಅದಕ್ಕೆ ಇನ್ನೊಬ್ಬರ ಎಲೆ ಬೇಕಾಗಿಲ್ಲ. ಹಾಗೆಂದು ನಮ್ಮ ಧೂಪದ ಬುಟ್ಟಿಯೂ ಪೂರ್ತಿ ನಿಷ್ಕಳಂಕವಲ್ಲ. ಗುಗ್ಗುಳದ ಗಿಡ ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ತೀವ್ರ ಅಪಾಯದಲ್ಲಿರುವ ಪ್ರಭೇದವಾಗಿದೆ, ಮತ್ತು ಪಶ್ಚಿಮಘಟ್ಟದ ಕಪ್ಪುಧೂಪದ ಮರಗಳೂ ರಾಳಕ್ಕಾಗಿ ಗಾಯಗೊಳ್ಳುತ್ತಿವೆ. ಸಹೋದ್ಯೋಗಿಯ ಎದುರು ನಾವು ಮೇಲೆ, ಅವರು ಕೆಳಗೆ ಎಂಬ ವಾದಕ್ಕೆ ಹೋಗದಿರಲು ಇದೂ ಒಂದು ಕಾರಣ.

ಈಗ ನನಗೆ ಪ್ರಿಯವಾದ ಭಾಗ: ಸತ್ತ ಸಸಿಗಳು. ದಿನವೂ ನೀರು ಹಾಕಿದರೂ ಸತ್ತವು ಎಂದು ಬರೆದಿದ್ದೀರಿ. ದಿನವೂ ನೀರು ಹಾಕಿದ್ದರಿಂದಲೇ ಸತ್ತವು. ಸ್ಯಾನ್ ಡಿಯಾಗೋದಲ್ಲಿ ವರ್ಷಕ್ಕೆ ಸುಮಾರು 250 ಮಿಲಿಮೀಟರ್ ಮಳೆ ಬೀಳುತ್ತದೆ, ಅದೂ ಬಹುಮಟ್ಟಿಗೆ ನವೆಂಬರಿನಿಂದ ಮಾರ್ಚಿನೊಳಗೆ. ಈ ಗಿಡ ಚಳಿಗಾಲದ ತೇವದಲ್ಲಿ ಬೇರು ಇಳಿಸಿ, ವಸಂತದಲ್ಲಿ ಚಿಗುರಿ, ಹೂಬಿಟ್ಟು, ಬೇಸಿಗೆಯಲ್ಲಿ ಬಹುತೇಕ ಕೆಲಸ ನಿಲ್ಲಿಸಿ ಕೂರುತ್ತದೆ. ಎಲೆಯ ಮೇಲಿನ ಬಿಳಿಯ ನವಿರು ಕೂದಲುಗಳು ಬಿಸಿಲನ್ನು ಹಿಂದಕ್ಕೆ ಹೊಡೆದು ತೇವವನ್ನು ಕಾಪಾಡುವುದಕ್ಕೇ ಇವೆ. ಆ ವಿಶ್ರಾಂತಿಯ ಕಾಲದಲ್ಲಿ ಬಿಸಿ ಮಣ್ಣಿಗೆ ನೀರು ಸೇರಿದರೆ ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಜೀವಿ ಚುರುಕಾಗಿ ಬೇರನ್ನು ಕೊಳೆಸುತ್ತದೆ. ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಕಾರಣವಾಗುವುದೂ ಇದೇ ಗುಂಪಿನ ಜೀವಿ. ಇಲ್ಲಿ ಒಂದು ಮೋಸವಿದೆ. ಬೇರು ಕೊಳೆತ ಗಿಡಕ್ಕೆ ನೀರು ಹೀರಲು ಆಗದ ಕಾರಣ ಅದು ಬಾಯಾರಿದ ಗಿಡದಂತೆಯೇ ಬಾಡುತ್ತದೆ. ಬಾಡಿದ್ದನ್ನು ಕಂಡು ಇನ್ನೊಂದು ಚೊಂಬು ಸುರಿಯುತ್ತೇವೆ, ವಾರದೊಳಗೆ ಗಿಡ ಮುಗಿಯುತ್ತದೆ. ಬಾಡಿದ ಗಿಡದ ಬುಡದ ಮಣ್ಣನ್ನು ಬೆರಳು ಮುಳುಗುವಷ್ಟು ಕೆದಕಿ ನೋಡಿ. ತೇವವಿದ್ದೂ ಗಿಡ ಬಾಡಿದ್ದರೆ ಅದಕ್ಕೆ ನೀರು ಮದ್ದಲ್ಲ. ಬೇಸಿಗೆಯಲ್ಲಿ ಕೆಳಗಿನ ಎಲೆಗಳು ಒಣಗಿ ಉದುರುವುದು, ಉಳಿದವು ಚಿಕ್ಕದಾಗಿ ಇನ್ನಷ್ಟು ಬಿಳಿಚುವುದು ರೋಗವಲ್ಲ, ಅದರ ಸ್ವಭಾವ.

ಮತ್ತೆ ನೆಡುವುದಾದರೆ ಅಕ್ಟೋಬರಿನಿಂದ ಡಿಸೆಂಬರಿನೊಳಗೆ ನೆಡಿ. ದಿನವಿಡೀ ಬಿಸಿಲು ಬೀಳುವ, ನೀರು ನಿಲ್ಲದ ಇಳಿಜಾರು ಅಥವಾ ದಿಬ್ಬವನ್ನು ಆರಿಸಿ. ತುಳಸಿ, ಗುಲಾಬಿ, ಹುಲ್ಲುಹಾಸಿನ ನೀರು ಹರಿದುಬರುವ ಕಡೆ ಬೇಡ. ಗುಂಡಿಗೆ ಗೊಬ್ಬರ ಹಾಕಬೇಡಿ. ಕೊಬ್ಬಿದ ಚಿಗುರು ಬಂದು ಗಿಡ ಬಗ್ಗುತ್ತದೆ, ಆಯಸ್ಸೂ ಕಡಿಮೆಯಾಗುತ್ತದೆ. ಬೇರುಮುದ್ದೆಯ ಮೇಲ್ತುದಿ ನೆಲಮಟ್ಟಕ್ಕಿಂತ ತುಸು ಮೇಲೇ ಇರಲಿ, ಮಣ್ಣಿನ ಮೇಲೆ ಹಾಸುವ ಒಣಎಲೆ, ತೊಗಟೆಯ ಹೊದಿಕೆಯನ್ನು ಕಾಂಡಕ್ಕೆ ತಾಗಿಸಬೇಡಿ. ಮೊದಲ ಚಳಿಗಾಲದಲ್ಲಿ ಮಳೆ ಕೈಕೊಟ್ಟರೆ ನೀರು ಕೊಡಿ. ಮೊದಲ ಬೇಸಿಗೆಯಲ್ಲಿ ಎರಡು ಮೂರು ವಾರಕ್ಕೊಮ್ಮೆ, ತಂಪು ಹೊತ್ತಿನಲ್ಲಿ, ಆಳಕ್ಕಿಳಿಯುವಂತೆ ಕೊಟ್ಟರೆ ಸಾಕು. ಎರಡನೆಯ ವರ್ಷದಿಂದ ಬೇಸಿಗೆಯ ನೀರನ್ನು ಬಹುತೇಕ ಮರೆತುಬಿಡಿ. ಇದನ್ನು ಹೇಳಿದರೆ ನಮ್ಮವರು ಒಪ್ಪುವುದು ಕಷ್ಟ, ನೀರೆರೆಯುವುದನ್ನೇ ಆರೈಕೆಯೆಂದು ತಿಳಿದವರು ನಾವು.

ಗಿಡ ನಾಲ್ಕೈದು ಅಡಿ ಎತ್ತರ, ಅಷ್ಟೇ ಅಗಲ ಹರಡುತ್ತದೆ, ಹೂಗೊಂಚಲಿನ ಕಡ್ಡಿಗಳು ಅದಕ್ಕೂ ಮೇಲೆ ಏರುತ್ತವೆ. ಎಲೆಯಲ್ಲಿ ಎಣ್ಣೆಯಿರುವುದರಿಂದ ಕಾಡ್ಗಿಚ್ಚಿನ ಭಯವಿರುವ ಬಡಾವಣೆಯಲ್ಲಿ ಮನೆಗೋಡೆಗೆ ಒತ್ತಿ ನೆಡಬೇಡಿ. ಗೋಡೆಯಿಂದ ಮೊದಲ ಐದು ಅಡಿಯಲ್ಲಿ ಉರಿಯುವಂಥದ್ದೇನೂ ಇರಬಾರದು ಎಂಬುದು ಇಲ್ಲಿನ ಅಗ್ನಿಶಾಮಕ ಇಲಾಖೆಯ ಸಲಹೆ. ಈ ಗಿಡವನ್ನು ಅದಕ್ಕಿಂತ ಇನ್ನೂ ದೂರವಿಡುವುದು ನನ್ನ ಸಲಹೆ. ಇದರ ಮತ್ತು ಕ್ಲೀವ್‌ಲ್ಯಾಂಡ್ ಸೇಜ್‌ನ ಮಿಶ್ರತಳಿಯಾದ ‘ವಿಕಿ ರೋಮೋ’ ಸ್ಥಳೀಯ ಸಸ್ಯಗಳ ನರ್ಸರಿಗಳಲ್ಲಿ ಸಿಗುತ್ತದೆ. ಆದರೆ ಹೂವಿನ ಸೊಗಸು ಮೂಲ ಗಿಡದ್ದೇ. ಬಿಳಿಯ ಹೂವಿನ ಕೆಳತುಟಿ ಮೇಲಕ್ಕೆ ಮಡಿಚಿ ಗಂಟಲನ್ನೇ ಮುಚ್ಚಿರುತ್ತದೆ. ದೊಡ್ಡ ಕರಿಯ ಬಡಗಿ ದುಂಬಿಯಂಥ ಭಾರಿ ಜೇನುಹುಳು ಬಂದು ಕೂತಾಗ ತುಟಿ ಕೆಳಗೆ ಜಗ್ಗಿ ದಾರಿ ಬಿಡುತ್ತದೆ, ಅಕ್ಕಪಕ್ಕಕ್ಕೆ ಚಾಚಿದ ಕೇಸರಗಳು ಹುಳುವಿನ ಮೈಗೆ ಪರಾಗ ಸವರುತ್ತವೆ. ಇದೇ ಗುಡ್ಡದಲ್ಲಿ ಬೆಳೆಯುವ ಬ್ಲ್ಯಾಕ್ ಸೇಜ್‌ನ ಚಿಕ್ಕ ಹೂವಿಗೆ ಚಿಕ್ಕ ಜೇನುಹುಳುಗಳೇ ಸಾಕು. ಹೀಗಾಗಿ ಎರಡೂ ಪಕ್ಕಪಕ್ಕದಲ್ಲಿದ್ದರೂ ಬೆರಕೆ ಆಗುವುದು ಅಪರೂಪ. ಹೂ ಮುಗಿದ ಕೂಡಲೇ ಕಡ್ಡಿಗಳನ್ನು ಕತ್ತರಿಸಬೇಡಿ, ಗೋಲ್ಡ್‌ಫಿಂಚ್ ಹಕ್ಕಿಗಳು ಬೀಜಕ್ಕೆ ಬರುತ್ತವೆ. ಆಮೇಲೆ ಆ ವರ್ಷದ ಹಸಿರು ಬೆಳವಣಿಗೆಯನ್ನಷ್ಟೇ ಮೊಟಕು ಮಾಡಿ. ಕಟ್ಟಿಗೆಯಾದ ಹಳೆಯ ಕಾಂಡಕ್ಕೆ ಕತ್ತರಿ ಹಾಕಬೇಡಿ.

ತುಳಸಿಕಟ್ಟೆಯಲ್ಲಿ ಇದನ್ನು ಇಡಬಹುದೇ ಎಂಬ ಅನುಮಾನ ನಿಮ್ಮ ಪತ್ರದ ಸಾಲುಗಳ ನಡುವೆ ನನಗೆ ಕಂಡಿತು. ಶಾಸ್ತ್ರದ ಮಾತು ನನ್ನದಲ್ಲ, ತೋಟಗಾರಿಕೆಯ ದೃಷ್ಟಿಯಿಂದಲೇ ಬೇಡ: ಒಂದು ಕೇಳುವ ನೀರು ಇನ್ನೊಂದಕ್ಕೆ ವಿಷ.

ಮೈಸೂರಿಗೆ ಬೀಜ ಒಯ್ಯುವ ಆಸೆಯನ್ನು ಅತ್ತೆಯವರು ಬಿಡುವುದೊಳ್ಳೆಯದು. ಭಾರತದ ಸಸ್ಯ ಸಂಪರ್ಕತಡೆ ಆದೇಶ, 2003ರ ಪ್ರಕಾರ ಬಿತ್ತನೆಯ ಬೀಜವನ್ನು ಒಳತರಲು ಆಮದು ಪರವಾನಗಿ ಮತ್ತು ಇಲ್ಲಿಂದ ಪಡೆದ ಸಸ್ಯಾರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಸೂಟ್‌ಕೇಸಿನ ಮೂಲೆಯಲ್ಲಿ ಪೊಟ್ಟಣ ಕಟ್ಟಿ ಒಯ್ಯುವುದು ಕಾನೂನುಬಾಹಿರ. ಒಯ್ದರೂ ಫಲ ಸಿಗುವುದು ಕಷ್ಟ, ಏಕೆಂದರೆ ಮೈಸೂರಿನ ಮಳೆ ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ, ಅಂದರೆ ಈ ಗಿಡ ಒಣಗಿ ಮಲಗಬೇಕಾದ ಹೊತ್ತಿಗೇ ಬರುತ್ತದೆ. ಸಾಲ್ವಿಯಾ ಹೂವೇ ಬೇಕೆಂದರೆ ಅಲ್ಲಿನ ನರ್ಸರಿಗಳಲ್ಲಿ ಸಿಗುವ ನೀಲಿ ಸಾಲ್ವಿಯಾವನ್ನು ಮಳೆ ಕಳೆದ ಮೇಲೆ ನೆಡಲಿ. ಲೋಳೆ ಬೀಜದ ಬೆರಗನ್ನು ಊರಿನ ನೆಂಟರಿಗೆ ತೋರಿಸಬೇಕೆಂದರೆ ಕಾಮಕಸ್ತೂರಿ ಅಲ್ಲಿಯೇ ಇದೆ.